ಕಸ್ತೂರಿಯ ಎಡ ಮುಂಗಾಲು

ಇಲಾಖೆಗೆ ಹೊಸದಾಗಿ ಸೇರಿದ ಪಶುವೈದ್ಯರು ಆಗಾಗ ಹಾಸನದ ನಮ್ಮ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಯಾವ ತಾಲ್ಲೂಕು ಒಳ್ಳೆಯದು, ಯಾವ ಸಾಹೇಬರು ಸುಲಭ. ಮೂವತ್ತೊಂದು ವರ್ಷ ದನ, ಎಮ್ಮೆ, ಕುರಿ, ನಾಯಿಗಳ ಜೊತೆ ಕಳೆದ ಹೆಂಗಸು ನಾನು. ಆ ಪ್ರಶ್ನೆಗಳನ್ನು ಕೇಳಿದಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಾಫಿ ಕೊಟ್ಟು ಕಳಿಸುತ್ತೇನೆ. ಅವರು ಕೇಳದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕುದುರೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಕಡೆಯ ಪಶುವೈದ್ಯರಿಗೆ ಕುದುರೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಒಂದು ಅಸ್ಥಿಪಂಜರ ತೋರಿಸಿ, ಹತ್ತು ಪಾಠ ಹೇಳಿ ಮುಗಿಸಿದ್ದರು. ನನ್ನ ಮೊದಲ ಪೋಸ್ಟಿಂಗ್ ಕೊಣನೂರು. ಸಂತೆಯ ದಿನ ನಿಂಗಣ್ಣ ಎಂಬ ಜಟಕಾದವನು ಹೊಟ್ಟೆಶೂಲೆ ಬಂದ ಕುದುರೆಯನ್ನು ಆಸ್ಪತ್ರೆ ಅಂಗಳಕ್ಕೆ ಎಳೆದು ತಂದ. ಅದು ನೆಲ ಕೆರೆಯುತ್ತಿತ್ತು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಎತ್ತಿಗೆ ಮಾಡುವ ಹಾಗೆಯೇ ನಾನು ತಲೆ ಎತ್ತಿ ಹಿಡಿಸಿ, ಬಿದಿರಿನ ಗೊಟ್ಟದಲ್ಲಿ ಎಣ್ಣೆ ಸುರಿದೆ. ಕುದುರೆಗೆ ಹಾಗೆ ಸುರಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಬೇಕು. ಅದನ್ನು ನಾನು ತಿಳಿದದ್ದು ಮೂರನೆಯ ದಿನ, ಸತ್ತ ಕುದುರೆಯ ಎದೆ ಬಿಚ್ಚಿದಾಗ.

ನಿಂಗಣ್ಣ ನನ್ನನ್ನು ಬೈಯಲಿಲ್ಲ. "ನೀವು ಓದ್ದೋರು ಡಾಕ್ಟ್ರಮ್ಮ, ಕೈಲಾದ್ದು ಮಾಡುದ್ರಿ. ಅದ್ರ ಆಯಸ್ಸು ಅಷ್ಟೇಯ" ಅಂದ. ನನ್ನ ತಪ್ಪನ್ನು ಮೇಲಧಿಕಾರಿಗೆ ಹೇಳಿದೆ. ಅವರು ಪೆನ್ನು ನನ್ನ ಕೈಗೆ ಕೊಟ್ಟು, "ಹೊಟ್ಟೆಶೂಲೆಯಿಂದ ಸಾವು ಅಂತ ಬರೀರಿ, ಮುಗೀತು" ಅಂದರು. ಬರೆದೆ. ಆ ದಿನ ಸತ್ತ ಕುದುರೆಗಿಂತ ಆ ಒಂದು ಸಾಲು ನನ್ನನ್ನು ಹೆಚ್ಚು ಕಾಡಿದೆ. ಆಮೇಲೆ ಹಟಕ್ಕೆ ಬಿದ್ದು ಕುದುರೆಯ ವಿಷಯ ಓದಿದೆ, ರಜೆ ಹಾಕಿ ಹೋಗಿ ದೊಡ್ಡ ಲಾಯಗಳಲ್ಲಿ ನಿಂತು ಕಲಿತೆ. ಹೀಗಾಗಿ ಹೊಳೆನರಸೀಪುರಕ್ಕೆ ಬರುವ ಹೊತ್ತಿಗೆ ಜಿಲ್ಲೆಯಲ್ಲಿ ಕುದುರೆ ಮಲಗಿದರೆ ನನ್ನನ್ನೇ ಕರೆಯುವುದು ರೂಢಿಯಾಗಿತ್ತು.

ಹಾಸನದ ರಸ್ತೆಯಲ್ಲಿ ಆಗ ಹೊಸದೊಂದು ಕುದುರೆ ಸವಾರಿ ಶಾಲೆ ಶುರುವಾಗಿತ್ತು. ಅದರ ಹೆಸರು ಇಲ್ಲಿ ಬೇಡ. ಮಾಲೀಕರು ಹಣವಂತರು, ಮಾತಿನಲ್ಲಿ ಬಲು ನಯ. ಕುದುರೆಗಳಿಗೆ ಹುಲ್ಲು ಹಾಕಿ, ಮೈ ತಿಕ್ಕಿ, ಲಾಯ ಗುಡಿಸುತ್ತಿದ್ದವನು ಪುಟ್ಟಸ್ವಾಮಿ. ಹಳ್ಳಿಮೈಸೂರು ಹೋಬಳಿಯ ಒಂದು ಊರಿನವನು. ಬುದ್ಧನ ದಾರಿ ಹಿಡಿದ ಮನೆ, ಅದಕ್ಕೇ ಮಗಳಿಗೆ ಗೌತಮಿ ಎಂದು ಹೆಸರಿಟ್ಟಿದ್ದ. ಹಿಂದೆ ಬೆಂಗಳೂರಿನ ಲಾಯಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದಿದ್ದ. ಕುದುರೆ ಕಿವಿ ಆಡಿಸಿದರೆ ಅದಕ್ಕೆ ಎಲ್ಲಿ ನೋವು ಎಂದು ಹೇಳುವವನು. ಆದರೆ ಶಾಲೆಯ ಮೈದಾನದೊಳಗೆ ಕುದುರೆ ಏರಲು ಅವನಿಗೆ ಅನುಮತಿಯಿಲ್ಲ. ಅಲ್ಲಿನ ಕೋಚ್ ತಪ್ಪು ಹೇಳಿಕೊಡುವಾಗ ಇವನು ಬೇಲಿಯಾಚೆ ಬಕೆಟ್ ಹಿಡಿದು ನಿಂತು ಹಲ್ಲು ಕಚ್ಚುವುದನ್ನು ನಾನೇ ನೋಡಿದ್ದೇನೆ.

ಗೌತಮಿಗೆ ಆಗ ಹದಿಮೂರು. ದಿನಾ ಸಂಜೆ ಪಾಠ ಮುಗಿದ ಮೇಲೆ ಬಸ್ಸಿನಲ್ಲಿ ಅಪ್ಪನ ಹತ್ತಿರ ಬರುತ್ತಿದ್ದಳು. ಸಿರಿವಂತರ ಮಕ್ಕಳು ಸವಾರಿ ಮುಗಿಸಿದ ಕುದುರೆಗಳನ್ನು ಬೆವರು ಆರುವ ತನಕ ಕೈಯಲ್ಲಿ ಹಿಡಿದು ನಡೆಸುವುದು ಅವಳ ಕೆಲಸ. ಕೆಲಸ ಎಂದರೆ ಯಾರೂ ಹೇಳಿದ್ದಲ್ಲ, ಅವಳೇ ಹಚ್ಚಿಕೊಂಡದ್ದು.

ಒಂದು ದಿನ ಮಾಲೀಕರು ನನ್ನನ್ನು ಕರೆಸಿದರು. ರೇಸಿನಿಂದ ತಂದ ಕಸ್ತೂರಿ ಎಂಬ ಕಂದು ಹೆಣ್ಣು ಕುದುರೆ. ಎಡ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು, ಹಳ್ಳಿಯವರು ನರ ಎನ್ನುವುದು, ಹರಿದು ಬಾಳೆಕಾಯಿಯಂತೆ ಊದಿತ್ತು. "ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ ಮೇಡಂ. ಗುಣವಾಗಲ್ಲ ಅಂತ ಸರ್ಟಿಫಿಕೇಟ್ ಬರ್ಕೊಡಿ" ಎಂದರು. ಗುಣವಾಗುತ್ತದೆ, ಆದರೆ ಒಂದು ವರ್ಷ ಬೇಕು ಎಂದೆ. ಒಂದು ವರ್ಷ ಕೂರಿಸಿ ಮೇವು ಹಾಕಲು ನಾನೇನು ಗೋಶಾಲೆ ಇಟ್ಟಿದ್ದೇನೆಯೇ ಎಂದು ನಕ್ಕರು. ನಾನು ಸಹಿ ಹಾಕುವುದಿಲ್ಲ ಎಂದಾಗ ಪುಟ್ಟಸ್ವಾಮಿಯ ಕಡೆ ತಿರುಗಿ, "ನೀನೇ ಹೊಡ್ಕೊಂಡು ಹೋಗಯ್ಯ, ನಿಂಗೇ ಇರಲಿ" ಅಂದರು.

ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಆ ಮಾತನ್ನು ಒಂದು ಕಾಗದದ ಮೇಲೆ ಬರೆಸಿ ಸಹಿ ಮಾಡಿಸಿಕೊಳ್ಳಬೇಕಿತ್ತು. ದೊಡ್ಡ ಮನುಷ್ಯರ ಬಾಯಿಮಾತು, ಅಷ್ಟು ಸಾಕು ಎಂದುಕೊಂಡೆ.

ನನ್ನ ಕಾಲದಲ್ಲಿ ಇಂಥ ಕಾಲಿಗೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ನಮ್ಮ ಆಸ್ಪತ್ರೆಯ ಹಳೆಯ ಕಾಂಪೌಂಡರ್ ಕೂಡ, "ನಾಕು ಬರೆ ಎಳ್ದ್‌ಬುಡಿ ಮೇಡಂ, ನರ ತಂತಾನೆ ಬಿಗಿ ಆಯ್ತದೆ" ಎಂದು ಹೇಳಿದ. ಬರೆಯಿಂದ ಆಗುವುದು ಏನೂ ಇಲ್ಲ, ನೋವಿಗೆ ಕುದುರೆ ತಿಂಗಳುಗಟ್ಟಲೆ ನಿಂತುಬಿಡುತ್ತದೆ, ಆ ವಿಶ್ರಾಂತಿಯಿಂದ ಅಷ್ಟಿಷ್ಟು ಗುಣ ಕಾಣುತ್ತದೆ. ನಾವು ಕಸ್ತೂರಿಯನ್ನು ಪುಟ್ಟಸ್ವಾಮಿಯ ಊರಿನ ಮನೆಗೆ ತಂದು, ಸ್ಕ್ಯಾನ್ ಮಾಡಿಸಿ ಹರಿದ ಜಾಗ ಅಳೆದೆವು. ಮೊದಲು ತಣ್ಣೀರು, ಪಟ್ಟಿ. ಆಮೇಲೆ ದಿನಕ್ಕೆ ಹತ್ತು ನಿಮಿಷ ನಡಿಗೆ. ತಿಂಗಳಾದ ಮೇಲೆ ಹದಿನೈದು. ಹೀಗೆ ಗಡಿಯಾರ ಹಿಡಿದು ಏರಿಸುತ್ತ ಹೋಗಬೇಕು. ಗೌತಮಿ ಒಂದು ಶಾಲಾ ನೋಟ್‌ಬುಕ್ಕಿನಲ್ಲಿ ಪ್ರತಿದಿನ ಬರೆದಿಟ್ಟಳು. ಎಷ್ಟು ನಿಮಿಷ, ಕಾಲು ಬೆಚ್ಚಗಿತ್ತೋ ತಣ್ಣಗಿತ್ತೋ, ಕುಂಟಿತೋ ಇಲ್ಲವೋ. ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಪ್ರಾಮಾಣಿಕ ದಾಖಲೆ ಬರೆದ ಇನ್ನೊಬ್ಬರನ್ನು ನಾನು ಕಾಣೆ.

ಎಂಟನೆಯ ತಿಂಗಳು ಬೆನ್ನ ಮೇಲೆ ಹಗುರ ಭಾರ ಹಾಕಬಹುದು ಎಂದೆ. ಗೌತಮಿ ಏರಿದಳು. ಅಪ್ಪ ಹೊಲದ ಬದುವಿನ ಮೇಲೆ ನಿಂತು ಹೇಳಿಕೊಡುತ್ತಿದ್ದ. "ಲಗಾಮು ಎಳೀಬೇಡ ಮಗ, ಕೇಳು ಅದನ್ನ. ಸೊಂಟ ಸಡ್ಲ ಬುಡು." ಇಷ್ಟು ವರ್ಷ ಬೇಲಿಯಾಚೆ ನುಂಗಿಕೊಂಡದ್ದೆಲ್ಲ ಈಗ ಬಾಯಿಗೆ ಬಂದಿತ್ತು.

ಕಷ್ಟ ಬಂದದ್ದು ಕಾಲಿನಿಂದಲ್ಲ, ಬೀದಿಯಿಂದ. ಅವರ ಮನೆಯಿಂದ ಗಟ್ಟಿ ನೆಲದ ರಸ್ತೆಗೆ ಹೋಗಲು ಊರಿನ ಮುಖ್ಯ ಬೀದಿ ದಾಟಬೇಕು. ಮೂರು ದಿನ ಸುಮ್ಮನಿದ್ದ ಆ ಬೀದಿಯ ಜನ ನಾಲ್ಕನೆಯ ದಿನ ಅಡ್ಡಗಟ್ಟಿದರು. "ಇಲ್ಲಿಗಂಟ ಏರ್ಕೊಂಡು ಬಾ, ಬೀದೀಲಿ ಇಳ್ದು ನಡಿ. ಯಾರ್ ಮುಂದೆ ಕುದ್ರೆ ಮೇಲೆ ಕುಂತೀಯ ಅನ್ನಾದು ಗೊತ್ತಿರ್ಬೇಕು" ಎಂದು ಒಬ್ಬ ಹಿರಿಯ ಹೇಳಿದನಂತೆ. ಹುಡುಗಿ ಇಳಿಯಲಿಲ್ಲ. "ಡಾಕ್ಟ್ರಮ್ಮ ಯೇಳವ್ರೆ ಅಜ್ಜ, ಕುದ್ರೆ ಕಾಲಿಗೆ ಔಷ್ಧಿ ಇದು. ಅನ್ಮಾನ ಇದ್ರೆ ಅವ್ರ್‌ನೇ ಕೇಳಿ" ಅಂದಳು.

ಮಾರನೆಯ ದಿನ ನಾಲ್ವರು ಆಸ್ಪತ್ರೆಗೆ ಬಂದೇ ಬಂದರು. ಅದೇ ಜನರ ಹಸುಗಳಿಗೆ ಹಬ್ಬ ಹುಣ್ಣಿಮೆ ನೋಡದೆ ಕೈಹಾಕಿ ಕರು ತೆಗೆದವಳು ನಾನು. ಅವರ ಮಾತು ಪೂರ್ತಿ ಕೇಳಿದೆ. ವಾದ ಮಾಡಲಿಲ್ಲ. ಇಲಾಖೆಯ ಚೀಟಿ ತೆಗೆದುಕೊಂಡು ಬರೆದೆ: "ಕಸ್ತೂರಿ ಎಂಬ ಹೆಣ್ಣು ಕುದುರೆ. ಎಡ ಮುಂಗಾಲು. ದಿನಕ್ಕೆ ಎರಡು ಬಾರಿ, ಸವಾರಳನ್ನು ಹೊತ್ತುಕೊಂಡು, ಊರಿನ ಮುಖ್ಯ ಬೀದಿಯಲ್ಲಿ ನಿಧಾನ ನಡಿಗೆ. ಅವಧಿ ನಾಲ್ಕು ತಿಂಗಳು. ಸವಾರಳು ನಡುವೆ ಇಳಿಯಕೂಡದು." ಕೆಳಗೆ ಸಹಿ, ಸರ್ಕಾರಿ ಮೊಹರು. ಒಂದು ಪ್ರತಿ ಅವರ ಕೈಗೆ, ಇನ್ನೊಂದು ಗೌತಮಿಗೆ. ಇದನ್ನು ತಡೆದರೆ ಚಿಕಿತ್ಸೆಗೆ ಅಡ್ಡಿಪಡಿಸಿದ ಹಾಗೆ ಎಂದು ಮಾತ್ರ ಹೇಳಿದೆ. ಆ ಹಿರಿಯ ಮೊಹರನ್ನು ತುಂಬ ಹೊತ್ತು ನೋಡಿ, "ಸಂಜೇನೂ ನಡುಸ್ಬೇಕಾ?" ಎಂದು ಕೇಳಿದ. ಸಂಜೆಯೂ ಎಂದೆ. ನನ್ನ ಸಹಿ ಇದ್ದ ಕಾಗದಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು.

ಎರಡು ವರ್ಷ ಕಳೆಯಿತು. ಕಸ್ತೂರಿ ನಡೆಯಿತು, ಓಡಿತು, ಹೊಳೆಯಿತು. ಗೌತಮಿ ಹದಿನೈದಕ್ಕೆ ಬಂದಳು. ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿ ಹೋಬಳಿಯ ನಾಲೆ ಏರಿಯ ಮೇಲೆ ನಲವತ್ತು ಕಿಲೋಮೀಟರಿನ ಕಿರಿಯರ ದೂರಸವಾರಿ ಸ್ಪರ್ಧೆ ನಡೆಯುತ್ತದೆ ಎಂದು ಸುದ್ದಿ ಬಂತು. ಇಪ್ಪತ್ತರ ಎರಡು ಸುತ್ತು. ನಡುವೆ ಪಶುವೈದ್ಯರು ಕುದುರೆಯ ಎದೆಬಡಿತ, ನಡಿಗೆ, ನೀರಿನಂಶ ನೋಡಿ ಬಿಟ್ಟರೆ ಮಾತ್ರ ಮುಂದಿನ ಸುತ್ತು. ಮೊದಲು ಬಂದರೆ ಸಾಲದು, ಕುದುರೆ ಸುಖವಾಗಿ ಬರಬೇಕು. ಗೌತಮಿಗೆ ಹೇಳಿ ಮಾಡಿಸಿದ ಸ್ಪರ್ಧೆ.

ಅರ್ಜಿ ತುಂಬಿದ ವಾರವೇ ಸವಾರಿ ಶಾಲೆಯ ವ್ಯಾನು ಪುಟ್ಟಸ್ವಾಮಿಯ ಮನೆ ಮುಂದೆ ನಿಂತಿತು. ಮಾಲೀಕರ ಹದಿನೇಳು ವರ್ಷದ ಮಗನಿಗೆ ಓಡುವ ಕುದುರೆ ಬೇಕಾಗಿತ್ತು. "ನೋಡಿಕೊಳ್ಳೋಕೆ ಕೊಟ್ಟಿದ್ದೆ, ದಾನ ಕೊಟ್ಟಿದ್ದೆನಾ? ಕಾಗದ ಎಲ್ಲಾ ನನ್ನ ಹೆಸರಲ್ಲೇ ಇದೆ" ಎಂದರು ಮಾಲೀಕರು, ನಾನು ಫೋನ್ ಮಾಡಿದಾಗ. ದನಿಯಲ್ಲಿ ಅದೇ ನಯ. ಪೊಲೀಸರೂ ಕಾಗದ ಕೇಳಿದರು. ಬರೆಸಿಕೊಳ್ಳದ ನಾನು ತಲೆ ತಗ್ಗಿಸಿದೆ. ಪುಟ್ಟಸ್ವಾಮಿ ಅದೇ ದಿನ ಶಾಲೆಯ ಕೆಲಸ ಬಿಟ್ಟ. ಗೌತಮಿ ವ್ಯಾನಿನ ಹುಡುಗನ ಕೈಗೆ ತನ್ನ ನೋಟ್‌ಬುಕ್ ಕೊಟ್ಟು ಕಳಿಸಿದಳು. ಹೊಸ ಸವಾರ ಕಾಲು ನೋಡಿಕೊಳ್ಳಲಿ ಎಂದು. ಅದನ್ನು ಅವರು ತೆರೆದೂ ನೋಡಿರಲಾರರು.

ಹೊಳೆನರಸೀಪುರದಲ್ಲಿ ರಾಮಣ್ಣನೆಂಬುವನ ಬಳಿ ಗುಂಡ ಎಂಬ ನಾಟಿ ಕುದುರೆ ಇತ್ತು. ಮದುವೆ ಮೆರವಣಿಗೆಯಲ್ಲಿ ಗಂಡಿನ ಕಡೆಯವರು ಬಾಡಿಗೆಗೆ ಒಯ್ಯುವ ಕುದುರೆ. ಕುಳ್ಳ, ದಪ್ಪ ಹೊಟ್ಟೆ. "ಮದ್ವೆ ಸೀಸನ್ ಮುಗ್ದದೆ, ತಕಂಡೋಗವ್ವ. ಮೈ ಕರಗ್ಲಿ ಅದುಕ್ಕೂ" ಎಂದು ರಾಮಣ್ಣ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ. ಮೂರು ತಿಂಗಳು ಗೌತಮಿ ಅದರ ಮೇಲೆ ಹೊಳೆದಂಡೆಯ ದಾರಿ ತುಳಿದಳು. ಹಿಮ್ಮಡಿ ಇಲ್ಲದ ಶೂ ಹಾಕಿದರೆ ಸ್ಪರ್ಧೆಗೆ ಬಿಡುವುದಿಲ್ಲ ಎಂದು ನಿಯಮ. ಅವಳ ಶಾಲೆಯ ಶೂಗೆ ಪುಟ್ಟಸ್ವಾಮಿ ತಾನೇ ಚರ್ಮ ಕೊಯ್ದು ಹಿಮ್ಮಡಿ ಹೊಲಿದ.

ಸ್ಪರ್ಧೆಯ ಬೆಳಿಗ್ಗೆ ಹದಿನಾಲ್ಕು ಕುದುರೆಗಳು. ತಪಾಸಣೆಗೆ ಮೂವರು ಪಶುವೈದ್ಯರು, ನಾನು ಮತ್ತು ಸರ್ವೀಸಿಗೆ ಬಂದು ಎರಡು ವರ್ಷವಾಗದ ಇಬ್ಬರು. ಗುಂಡನನ್ನು ನಾನು ಮುಟ್ಟುವುದಿಲ್ಲ, ಸವಾರಳು ನನಗೆ ಬೇಕಾದವಳು ಎಂದು ಮೊದಲೇ ಹೇಳಿದ್ದೆ. ಉದ್ಘಾಟನೆಗೆ ಬ್ಯಾಂಡ್‌ಸೆಟ್ ತರಿಸಿದ್ದರು. ತಮಟೆಯ ಪೆಟ್ಟು ಕೇಳಿದ್ದೇ ತಡ, ಗುಂಡ ನಿಂತಲ್ಲೇ ಮುಂಗಾಲು ಎತ್ತಿ ಕುಣಿಯಲು ಶುರುಮಾಡಿತು. ಅದು ಕಲಿತ ವಿದ್ಯೆ ಅದು. ಜನ ಬಿದ್ದು ಬಿದ್ದು ನಕ್ಕರು. ಬ್ಯಾಂಡ್ ನಿಲ್ಲಿಸಿ ಎಂದು ಗೌತಮಿ ಕೇಳಿದರೆ ಸಂಘಟಕರು ಇನ್ನೊಂದು ಹಾಡು ಬಾರಿಸಿ ಎಂದು ಸನ್ನೆ ಮಾಡಿದರು. ಉಳಿದ ಹದಿಮೂರು ಕುದುರೆ ಧೂಳೆಬ್ಬಿಸಿ ಹೋದವು. ಅವಳು ಕೆಳಗಿಳಿದು, ಗುಂಡನ ಹಣೆಗೆ ಹಣೆ ಇಟ್ಟು ಏನೋ ಹೇಳುತ್ತ, ಲಗಾಮು ಹಿಡಿದು ನಡೆಸಿಕೊಂಡೇ ಹೋದಳು. ಬ್ಯಾಂಡಿನ ಸದ್ದು ಕೇಳದಷ್ಟು ದೂರ ಹೋಗಿ ಏರಿದಳು. ಹತ್ತು ನಿಮಿಷ ಹೋಯಿತು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ.

ಮೊದಲ ಸುತ್ತು ಮುಗಿಸಿ ಕಸ್ತೂರಿ, ಮಾಲೀಕರ ಮಗನನ್ನು ಹೊತ್ತು, ಎಲ್ಲರಿಗಿಂತ ಮುಂದೆ ಬಂತು. ಎದೆಬಡಿತ ಸರಿಯಿತ್ತು. ನಡಿಗೆ ನೋಡಲು ಓಡಿಸಿದೆವು. ಎಡ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಕೂದಲೆಳೆಯಷ್ಟು ಮೇಲೆದ್ದಿತು. ಅದು ಕುಂಟಿನ ಗುರುತು. ಕಾಲು ಮುಟ್ಟಿದೆ, ಬೆಚ್ಚಗಿತ್ತು. ಅನುಮಾನ ಬಂದಾಗ ಮೂವರೂ ಒಬ್ಬರಿಗೊಬ್ಬರು ಕಾಣದಂತೆ ಚೀಟಿಯಲ್ಲಿ ಬರೆಯಬೇಕು. ನಾನು "ಬೇಡ" ಎಂದು ಬರೆದೆ. ಉಳಿದ ಎರಡು ಚೀಟಿಯಲ್ಲೂ "ಸರಿ" ಎಂದಿತ್ತು. ಹಿಂದಿನ ದಿನ ನಮ್ಮ ಮೇಲಧಿಕಾರಿಯೊಬ್ಬರು ಆ ಇಬ್ಬರಿಗೂ ಫೋನ್ ಮಾಡಿ, ಮಾಲೀಕರು ನಮಗೆ ಬೇಕಾದವರು, ಸ್ವಲ್ಪ ನೋಡಿಕೊಳ್ಳಿ ಎಂದಿದ್ದರು, ಅದು ನನಗೆ ಆ ಸಂಜೆ ತಿಳಿಯಿತು. ನನಗೆ ಫೋನ್ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತು ಎಂದು ಅವರಿಗೆ ಗೊತ್ತಿತ್ತು.

ಎರಡಕ್ಕೆ ಒಂದು. ನಿಯಮದ ಪ್ರಕಾರ ಕುದುರೆ ಹೋಗಬಹುದು. ನಾನು ಸುಮ್ಮನಾದೆ. ಮೈದಾನದ ನಡುವೆ ನಿಂತು ಕೂಗಾಡಬಹುದಿತ್ತು. ಚೀಟಿ ಹರಿದು ಹಾಕಿ ಸ್ಪರ್ಧೆ ನಿಲ್ಲಿಸಬಹುದಿತ್ತು. ನಿಯಮ ಪಾಲಿಸಿದೆ ಎಂದು ಸಮಾಧಾನ ಹೇಳಿಕೊಂಡು ಮುಂದಿನ ಕುದುರೆಯ ಎದೆಗೆ ಸ್ಟೆತಸ್ಕೋಪ್ ಇಟ್ಟೆ.

ಗುಂಡ ಹನ್ನೊಂದನೆಯದಾಗಿ ಬಂತು. ಐದೇ ನಿಮಿಷದಲ್ಲಿ ಅದರ ಎದೆಬಡಿತ ಐವತ್ತೆರಡಕ್ಕೆ ಇಳಿಯಿತು, ಅರವತ್ತನಾಲ್ಕಕ್ಕೆ ಇಳಿದರೂ ಸಾಕಿತ್ತು. ಕಿರಿಯ ವೈದ್ಯರು ನಂಬದೆ ಎರಡು ಸಲ ಎಣಿಸಿದರು. ಎರಡನೆಯ ಸುತ್ತಿನಲ್ಲಿ ಬಿಸಿಲೇರಿತು, ದೊಡ್ಡ ದೊಡ್ಡ ಕುದುರೆಗಳು ಒಂದೊಂದೇ ಸೋತವು. ಗೌತಮಿ ಒಬ್ಬೊಬ್ಬರನ್ನೇ ದಾಟುತ್ತ ಬಂದಳು.

ನಾಲೆಯ ಸೇತುವೆ ಹತ್ತಿರ ಕಸ್ತೂರಿ ಮೂರು ಕಾಲಿನ ಮೇಲೆ ನಿಂತಿತ್ತು. ಮಾಲೀಕರ ಮಗ ಪಕ್ಕದಲ್ಲಿ ಕೂತು ಅಳುತ್ತಿದ್ದ. ಅವನನ್ನು ನಾನು ದೂರುವುದಿಲ್ಲ, ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಗೌತಮಿ ಇಳಿದಳು. ತನ್ನ ತಲೆವಸ್ತ್ರ ನಾಲೆಯ ನೀರಲ್ಲಿ ಅದ್ದಿ ಆ ಕಾಲಿಗೆ ಸುತ್ತಿದಳು. ಅವನಿಗೆ, "ನಡುಸ್ಬೇಡಿ, ನೀರು ಹುಯ್ತಾ ಇರಿ, ವ್ಯಾನ್ ಕಳುಸ್ತೀನಿ" ಎಂದು ಹೇಳಿ ಮತ್ತೆ ಏರಿ ಬಂದಳು. ಅಷ್ಟಾದರೂ ಮೂರನೆಯವಳಾಗಿ ಗೆರೆ ದಾಟಿದಳು. ಮೊದಲು ಬಂದ ಕುದುರೆಯ ಎದೆಬಡಿತ ಹೇಳಿದ ಹೊತ್ತಿಗೆ ಇಳಿಯದೆ ಅದನ್ನು ಕೈಬಿಟ್ಟರು. ಗೌತಮಿ ಎರಡನೆಯ ಸ್ಥಾನಕ್ಕೆ ಬಂದಳು. ಮದುವೆ ಕುದುರೆ ಎಂದು ನಕ್ಕವರೇ ಈಗ ಬಂದು ಗುಂಡನ ಜೊತೆ ಫೋಟೋ ತೆಗೆಸಿಕೊಂಡರು.

ಗೌತಮಿ ನೇರ ನನ್ನ ಮೇಜಿನ ಬಳಿ ಬಂದಳು. ದನಿ ಏರಿಸಲಿಲ್ಲ.

"ಕಸ್ತೂರಿ ಕಾಲು ಮೊದ್ಲೇ ಸುಡ್ತಿತ್ತಲ್ವಾ ಮೇಡಂ? ನೀವು ಮುಟ್ಟಿ ನೋಡುದ್ರಿ. ನಾನು ನೋಡ್ತಾ ಇದ್ದೆ."

"ಬೇಡ ಅಂತ ಬರೆದೆ ಕಣಮ್ಮ. ಇಬ್ಬರು ಸರಿ ಅಂದರು."

"ನಿಮ್ಗೆ ಗೊತ್ತಿತ್ತಲ್ವಾ ಅಂತ ಕೇಳ್ದೆ."

 

ಆ ವಾರ ಮೂರು ಪುಟದ ವರದಿ ಬರೆದು, ಬಂದ ಫೋನಿನ ವಿಷಯವನ್ನೂ ಸೇರಿಸಿ ಮೇಲಕ್ಕೆ ಕಳಿಸಿದೆ. ವರದಿಗೆ ಉತ್ತರ ಬರಲಿಲ್ಲ, ನನಗೆ ನೋಟಿಸ್ ಬಂತು. ಸಹೋದ್ಯೋಗಿಗಳ ಮೇಲೆ ಆಧಾರವಿಲ್ಲದ ಆರೋಪ, ಅನುಚಿತ ವರ್ತನೆ. ನಿವೃತ್ತಿಗೆ ಎಂಟು ತಿಂಗಳಿರುವಾಗ ಅರಕಲಗೂಡಿಗೆ ವರ್ಗ ಮಾಡಿದರು. ಫೋನ್ ಮಾಡಿದ ಅಧಿಕಾರಿಗೆ ಬೀಳ್ಕೊಡುಗೆಯಲ್ಲಿ ಪೇಟ ತೊಡಿಸಿದರು. ಅದನ್ನು ನೆನೆದರೆ ಈಗಲೂ ಅನ್ನ ರುಚಿಸುವುದಿಲ್ಲ.

ಒಂದು ಭಾನುವಾರ ಆ ಇಬ್ಬರು ಕಿರಿಯರಲ್ಲಿ ಒಬ್ಬ, ಮಧು, ಅರಕಲಗೂಡಿಗೆ ಬಂದ. ಜಗುಲಿಯ ಮೇಲೆ ಕೂತ. "ಕಾಲು ಕುಂಟಿದ್ದು ನಂಗೂ ಕಾಣಿಸ್ತು ಮೇಡಂ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ" ಎಂದ. ನಾನು ಸಮಾಧಾನ ಹೇಳಲಿಲ್ಲ. ಮಾಲೀಕರು ಕಸ್ತೂರಿಯನ್ನು ಮತ್ತೆ ಮುಗಿಸಲು ಹೊರಟಿದ್ದಾರೆ, ಮಾಡುವುದಿದ್ದರೆ ಈಗ ಮಾಡು ಎಂದೆ. ಅವನು ಮರುದಿನವೇ ಸ್ಟಾಂಪ್ ಪೇಪರ್ ಹಿಡಿದು ಮಾಲೀಕರ ಮನೆಗೆ ಹೋದ. ಸಾಯಿಸುವ ಸರ್ಟಿಫಿಕೇಟ್ ಯಾರೂ ಕೊಡುವುದಿಲ್ಲ, ಕುದುರೆಯನ್ನು ಪುಟ್ಟಸ್ವಾಮಿಯ ಹೆಸರಿಗೆ ಬರೆದುಕೊಡಿ, ಇಲ್ಲವಾದರೆ ತನ್ನ ಚೀಟಿಯ ಕಥೆಯನ್ನು ತಾನೇ ಬರೆದು ಕೊಡುತ್ತೇನೆ ಎಂದನಂತೆ. ಬರೆದುಕೊಟ್ಟರು. ಆಮೇಲೆ ವಾರಕ್ಕೊಮ್ಮೆ ಬೈಕಿನಲ್ಲಿ ಬಂದು ಆ ಕಾಲು ನೋಡಿದವನು ಮಧುವೇ. ಕಸ್ತೂರಿ ಇನ್ನು ಓಡಲಾರದು. ನೆರಳಲ್ಲಿ ನಡೆದಾಡಿಕೊಂಡಿದೆ.

ನಾನು ನಿವೃತ್ತಳಾದ ಮೇಲೆ ರಾಜ್ಯಮಟ್ಟದ ಅರವತ್ತು ಕಿಲೋಮೀಟರಿನ ಸ್ಪರ್ಧೆ ಬಂತು. ಗೌತಮಿಗೆ ಹದಿನೇಳು. ಅದೇ ಗುಂಡ. ನೋಡುವವರ ಸಾಲಿನಲ್ಲಿ ಕೊಡೆ ಹಿಡಿದು ನಾನೂ ಇದ್ದೆ. ಅರ್ಜಿಯಲ್ಲಿ ತರಬೇತುದಾರರು ಎಂಬ ಕಡೆ ಅವಳು ಅಪ್ಪನ ಹೆಸರು ಬರೆದಿದ್ದಳು. ಮೇಜಿನ ಹಿಂದೆ ಕೂತವರು ಪುಟ್ಟಸ್ವಾಮಿಯ ಕೈಯ ಬಕೆಟ್ ನೋಡಿ, ಆ ಹೆಸರಿಗೆ ಗೆರೆ ಎಳೆದು, "ಕುದುರೆ ನೋಡಿಕೊಳ್ಳುವವರಿಗೆ ಬೇರೆ ಕಾಲಂ ಇದೆ" ಎಂದರು.

"ಆ ಕಾಲಮ್ಮಲ್ಲಿ ನನ್ ಹೆಸ್ರು ಹಾಕ್ಕೊಳಿ ಸಾ. ಕುದ್ರೆ ನೋಡ್ಕಳೋದು ನಾನು. ಹೇಳ್ಕೊಟ್ಟೋರು ಅವ್ರು."

"ಅವರಿಗೆ ಸರ್ಟಿಫಿಕೇಟ್ ಇದೆಯಾ?"

"ನಾನೇ ಇದೀನಲ್ಲ."

ಹೆಸರು ಬರೆಯದೆ ಹೊರಡುವುದಿಲ್ಲ ಎಂದು ನಿಂತಳು. ಬೇರೆಯವರು ಹೊರಟರು. ಪುಟ್ಟಸ್ವಾಮಿ ಬಂದು, "ಓಗವ್ವ ಸಾಕು, ನನ್ ಹೆಸ್ರು ಕಟ್ಕೊಂಡು ಏನಾಗ್ಬೇಕು" ಎಂದು ಬೇಡಿಕೊಂಡ. ಅವಳು ಅಲುಗಲಿಲ್ಲ. ಎಂಟು ನಿಮಿಷದ ಮೇಲೆ ಮೈಕಿನಲ್ಲಿ ಹೇಳಿದರು, ತರಬೇತುದಾರರು ಪುಟ್ಟಸ್ವಾಮಿ, ಹೊಳೆನರಸೀಪುರ ತಾಲ್ಲೂಕು. ಆಗ ಲಗಾಮು ಸಡಿಲಿಸಿದಳು. ಅರವತ್ತು ಕಿಲೋಮೀಟರು ಮುಗಿಸಿ ಐದನೆಯವಳಾಗಿ ಬಂದಳು. ನಾಲ್ಕನೆಯವನಿಗೂ ಅವಳಿಗೂ ನಡುವೆ ಆರು ನಿಮಿಷ. ಪದಕ ನಾಲ್ಕು ಜನಕ್ಕೆ.

"ಎಂಟು ನಿಮ್ಸ ಸುಮ್ಕೆ ಓಯ್ತು ಮಗ" ಎಂದ ಅಪ್ಪ, ಗುಂಡನ ಬೆನ್ನಿಗೆ ನೀರು ಸುರಿಯುತ್ತ. "ಸುಮ್ಕೆ ಎಲ್ಲೋಯ್ತು" ಎಂದಳು ಮಗಳು.

ತಿಂಗಳಾದ ಮೇಲೆ ಸ್ಪರ್ಧೆ ಮುಗಿಸಿದ್ದಕ್ಕೆ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ತರಬೇತುದಾರರ ಜಾಗ ಖಾಲಿ. ಅವಳು ವಾಪಸ್ ಕಳಿಸಿದಳು. ಎರಡನೆಯ ಸಲ ಬಂದದ್ದರಲ್ಲಿ ಹೊಳೆನರಸೀಪುರ ತಾಲ್ಲೂಕು ಎಂದಷ್ಟೇ ಇತ್ತು. ಅದೂ ವಾಪಸ್ ಹೋಯಿತು. ಕಳೆದ ವಾರ ಮೂರನೆಯದು ಬಂದಿದೆ, ದಪ್ಪ ಕಾಗದ, ಬಂಗಾರದ ಅಂಚು. ತರಬೇತುದಾರರು: ಶ್ರೀ ಪುಟಸ್ವಾಮಿ. ಒಂದು ಒತ್ತಕ್ಷರ ಕಡಿಮೆ. ಇರಲಿ ಬಿಡು, ಇಷ್ಟಾದರೂ ಆಯಿತಲ್ಲ ಎಂದು ಫೋನಿನಲ್ಲಿ ನಾನೇ ಹೇಳಿದೆ.

ಅದನ್ನೂ ವಾಪಸ್ ಕಳಿಸಿದ್ದಾಳೆ.